ಅಂತರ್ಜಾಲದ ಶಾನುಭೋಗ

ಅಣ್ಣಾ ನಗರ್‌ನ ಟವರ್ ಪಾರ್ಕಿನಲ್ಲಿ ಎರಡು ವರ್ಷ ವಾಕಿಂಗ್ ಮಾಡಿದ ಮೇಲೆ ನನಗೊಂದು ಸಂಗತಿ ಗೊತ್ತಾಯಿತು. 1968ರ ವಿಶ್ವ ವಾಣಿಜ್ಯ ಮೇಳಕ್ಕೆಂದು ಕಟ್ಟಿದ ಆ ಗೋಪುರಕ್ಕೆ ಅಧಿಕೃತವಾಗಿ ಇರುವ ಹೆಸರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರದು. ಆಟೊದವರನ್ನು ಕೇಳಿ, ಹೂ ಮಾರುವವರನ್ನು ಕೇಳಿ, ಯಾರೂ ಆ ಹೆಸರು ಹೇಳುವುದಿಲ್ಲ. ಎಲ್ಲರ ಬಾಯಲ್ಲೂ ಅದು ಬರೀ ಟವರ್. ಮೊದಲು ಸ್ವಲ್ಪ ಬೇಜಾರಾಯಿತು. ಆಮೇಲೆ, ಇಂಜಿನಿಯರುಗಳ ಪಾಲಿಗೆ ಇದು ಸಹಜವೇ ಅನ್ನಿಸಿತು. ಕಟ್ಟಿದ್ದು ಬಳಕೆಯಲ್ಲಿ ಉಳಿಯುತ್ತದೆ, ಹೆಸರು ಹಿಂದೆ ಸರಿಯುತ್ತದೆ.

ಇವತ್ತು ನಾನು ಹೇಳಹೊರಟಿರುವುದು ಅಂಥ ಇನ್ನೊಬ್ಬ ಇಂಜಿನಿಯರ್ ಬಗ್ಗೆ. ಹೆಸರು ಜಾನ್ ಪೋಸ್ಟೆಲ್. ಅಮೆರಿಕದವರು, ತೀರಿಕೊಂಡು ಕಾಲು ಶತಮಾನ ಕಳೆದಿದೆ. ನಮ್ಮ ಕಸುಬಿನಲ್ಲಿ ಬಹಳ ದೊಡ್ಡ ಹೆಸರು. ಕಸುಬಿನ ಹೊರಗೆ ಕೇಳಿದವರು ಕಡಿಮೆ. ನೀವು ಊರಿಗೆ ಕಳಿಸುವ ಪ್ರತಿಯೊಂದು ಇ-ಮೇಲ್ ಅವರು ಬರೆದಿಟ್ಟ ಕ್ರಮದ ಮೇಲೆಯೇ ಸಾಗುತ್ತದೆ. ನನ್ನ ಹೊಟ್ಟೆಪಾಡಂತೂ ಮುಕ್ಕಾಲು ಪಾಲು ಅದರ ಮೇಲೇ ನಿಂತಿದೆ.

ನನ್ನ ಕೆಲಸ ಡೆಸ್ಕ್‌ಟಾಪ್ ಪ್ರೋಗ್ರಾಂಗಳಿಗೆ ಮಾತು ಕಲಿಸುವುದು. ಅಂಗಡಿಯ ಬಿಲ್ಲಿಂಗ್, ಗೋದಾಮಿನ ದಾಸ್ತಾನು, ಆಡಿಟರ್ ಕಚೇರಿಯ ಲೆಕ್ಕ, ಇಂಥವು ಒಂದು ಕಾಲದಲ್ಲಿ ಒಂಟಿ ಕಂಪ್ಯೂಟರಿನಲ್ಲಿ ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ಈಗ ಅವು ಬಿಲ್ಲನ್ನು ಮೇಲ್ ಮಾಡಬೇಕು, ಇನ್ನೊಂದು ಶಾಖೆಯ ದಾಸ್ತಾನು ಕೇಳಿ ತಿಳಿಯಬೇಕು, ಲೈನ್ ಹೋದರೆ ಕಾದು ಮತ್ತೆ ಕಳಿಸಬೇಕು. ಈ ಸೌಲಭ್ಯಗಳನ್ನು ಪ್ರೋಗ್ರಾಂ ಒಳಗೆ ಹೊಲಿಯುವ ದರ್ಜಿ ಕೆಲಸ ನನ್ನದು.

ಈ ಕೆಲಸ ಕಲಿಯುವವರು ಸಾಮಾನ್ಯವಾಗಿ ಮೊದಲು ಬರೆಯುವ ಪ್ರೋಗ್ರಾಂ ಒಂದೇ: ಎಕೋ. ಈ ಕಂಪ್ಯೂಟರಿನಿಂದ ಏನು ಕಳಿಸಿದರೂ ಆ ಕಡೆಯದು ಅದನ್ನೇ ತಿರುಗಿ ಕಳಿಸಬೇಕು, ಅಷ್ಟೆ. ಕಾಲೇಜಿನ ಲ್ಯಾಬಿನಲ್ಲಿ ನಾನು ನನ್ನ ಹೆಸರು ಟೈಪ್ ಮಾಡಿ, ಪಕ್ಕದ ಮೇಜಿನ ಯಂತ್ರದಿಂದ ಅದು ಮರಳಿ ಬಂದಾಗ ಬಾವಿಗೆ ಬಗ್ಗಿ ಕೂಗಿದ ಮಗುವಿನ ಹಾಗೆ ಖುಷಿಪಟ್ಟಿದ್ದೆ. ಈ ಎಕೋಗೆ 1983ರ ಮೇ ತಿಂಗಳಲ್ಲಿ ಒಂದೇ ಪುಟದಷ್ಟು ನಿಯಮ ಬರೆದು, 7ನೇ ಪೋರ್ಟ್ ಎಂದು ನಮೂದಿಸಿದವರು ಪೋಸ್ಟೆಲ್ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ.

ನೋಟ್‌ಬುಕ್ಕಿನಿಂದ ಶುರು

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಓದಿದ್ದು ವ್ಯಾನ್ ನೈಸ್ ಹೈಸ್ಕೂಲಿನಲ್ಲಿ. ಮುಂದೆ ಅಂತರ್ಜಾಲದ ಇತಿಹಾಸದಲ್ಲಿ ಅವರ ಜೊತೆಗೇ ಹೆಸರು ಬರುವ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಅದೇ ಶಾಲೆಯವರು. ಮೂವರೂ ಒಟ್ಟಿಗೆ ದುಡಿದದ್ದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಪೋಸ್ಟೆಲ್ ಅಲ್ಲಿ 1966ರಲ್ಲಿ ಪದವಿ, 1968ರಲ್ಲಿ ಸ್ನಾತಕೋತ್ತರ ಪದವಿ ಪಡೆದು ಪ್ರೊಫೆಸರ್ ಲೆನಾರ್ಡ್ ಕ್ಲೈನ್‌ರಾಕ್ ಅವರ ಪ್ರಯೋಗಾಲಯ ಸೇರಿದ್ದರು.

1969ರ ಅಕ್ಟೋಬರ್ 29ರ ರಾತ್ರಿ ಆ ಪ್ರಯೋಗಾಲಯದಿಂದಲೇ ಆರ್ಪಾನೆಟ್‌ನ ಮೊದಲ ಸಂದೇಶ ಹೊರಟಿತು. ಎರಡು ಅಕ್ಷರ ತಲುಪುವಷ್ಟರಲ್ಲಿ ಆ ಕಡೆಯ ಕಂಪ್ಯೂಟರ್ ಕುಸಿದುಬಿತ್ತು ಎಂಬ ಕಥೆ ನೀವು ಕೇಳಿರಬಹುದು. ನಮ್ಮ ಕಥೆಗೆ ಬೇಕಾದದ್ದು ಅದಕ್ಕಿಂತ ಆರು ತಿಂಗಳು ಹಿಂದಿನದು. ಬೇರೆ ಬೇರೆ ಕಂಪನಿಯ, ಬೇರೆ ಬೇರೆ ರೀತಿಯ ಕಂಪ್ಯೂಟರುಗಳು ಪರಸ್ಪರ ಮಾತಾಡಬೇಕಾದರೆ ಮೊದಲು ಒಂದು ಒಪ್ಪಂದ ಬೇಕು. ಆ ಒಪ್ಪಂದ ಬರೆಯುವ ಜವಾಬ್ದಾರಿ ವಿದ್ಯಾರ್ಥಿಗಳ ಹೆಗಲ ಮೇಲೆ ಬಿತ್ತು. ದೊಡ್ಡವರು ಬಂದು ಬೈದಾರು ಎಂಬ ಅಳುಕಿನಿಂದ ಕ್ರಾಕರ್ ತಮ್ಮ ಬರಹಗಳಿಗೆ ಬಹಳ ವಿನಯದ ಹೆಸರು ಕೊಟ್ಟರು: ಅಭಿಪ್ರಾಯ ಕೋರುವ ಟಿಪ್ಪಣಿ, ಚುಟುಕಾಗಿ ಆರ್‌ಎಫ್‌ಸಿ. ಮೊದಲನೆಯದಕ್ಕೆ 1969ರ ಏಪ್ರಿಲ್ 7ರ ತಾರೀಕಿದೆ.

ಈ ಟಿಪ್ಪಣಿಗಳ ಸಂಪಾದಕರಾಗಿ ಕೂತವರು ಪೋಸ್ಟೆಲ್. ಸುಮಾರು 28 ವರ್ಷ, ಸಾಯುವವರೆಗೂ, ಆ ಕುರ್ಚಿ ಬಿಡಲಿಲ್ಲ. ಬಂದ ಬರಹ ಓದುವುದು, ಅಸ್ಪಷ್ಟವಾದದ್ದನ್ನು ವಾಪಸ್ ಕಳಿಸುವುದು, ನಂಬರ್ ಕೊಡುವುದು, ಪ್ರಕಟಿಸುವುದು. ಒಂದು ಸಾಲಿಗೆ 72 ಅಕ್ಷರ, ಒಂದು ಪುಟಕ್ಕೆ 58 ಸಾಲು ಮೀರುವಂತಿಲ್ಲ ಎಂದು ಲೇಖಕರಿಗೆ ಲಿಖಿತ ಸೂಚನೆಯನ್ನೇ ಕೊಟ್ಟಿದ್ದರು. ಪುಟದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದ ಮನುಷ್ಯ ವೇಷದಲ್ಲಿ ಮಾತ್ರ ಎದೆವರೆಗೆ ಗಡ್ಡ ಬಿಟ್ಟು, ಕಾಲಿಗೆ ಸ್ಯಾಂಡಲ್ ಹಾಕಿಕೊಂಡು ಓಡಾಡುತ್ತಿದ್ದರು. ರಜೆ ಸಿಕ್ಕರೆ ಸಿಯೆರಾ ನೆವಾಡ ಬೆಟ್ಟಗಳ ಚಾರಣ.

ಹಳೆ ನಂಬರ್, ಹೊಸ ನಂಬರ್

ಚೆನ್ನೈಗೆ ಬಂದವರಿಗೆಲ್ಲ ಒಂದು ಅನುಭವ ಆಗಿಯೇ ಇರುತ್ತದೆ. ಇಲ್ಲಿ ಎಷ್ಟೋ ಬೀದಿಗಳಲ್ಲಿ ಒಂದೇ ಮನೆಗೆ ಎರಡು ನಂಬರ್: ಹಳೆಯದು, ಹೊಸದು. ವಿಳಾಸದಲ್ಲಿ ಎರಡೂ ಬರೆಯದಿದ್ದರೆ ಕೊರಿಯರ್ ಹುಡುಗ ಬೀದಿ ಸುತ್ತುತ್ತಾನೆ, ಫೋನ್ ಮಾಡುತ್ತಾನೆ, ಕೊನೆಗೆ ವಾಚ್‌ಮನ್ ಕೈಗೆ ಕೊಟ್ಟು ಹೋಗುತ್ತಾನೆ.

ಕಂಪ್ಯೂಟರ್ ಜಾಲದಲ್ಲೂ ಇದೇ ಸಮಸ್ಯೆ. ಐಪಿ ವಿಳಾಸ ಅನ್ನುವುದು ಅಪಾರ್ಟ್‌ಮೆಂಟ್ ಕಟ್ಟಡವಾದರೆ, ಪೋರ್ಟ್ ಅನ್ನುವುದು ಒಳಗಿನ ಮನೆಯ ನಂಬರ್. ಒಂದೇ ಕಂಪ್ಯೂಟರಿನಲ್ಲಿ ಮೇಲ್ ಇರುತ್ತದೆ, ವೆಬ್ ಇರುತ್ತದೆ, ಫೈಲ್ ಸಾಗಿಸುವ ಪ್ರೋಗ್ರಾಂ ಇರುತ್ತದೆ. ಬಂದ ಮಾಹಿತಿ ಯಾವ ಬಾಗಿಲಿಗೆ ಹೋಗಬೇಕು? ಮೇಲ್‌ಗೆ 25, ಹೆಸರು ಹುಡುಕಲು 53, ವೆಬ್‌ಗೆ 80 ಎಂದು ಜಗತ್ತೆಲ್ಲ ಒಪ್ಪಿಕೊಂಡಿದ್ದರಿಂದಲೇ ಕೆಲಸ ನಡೆಯುತ್ತದೆ. ಒಪ್ಪಂದ ಇಲ್ಲದಿದ್ದರೆ ನಮ್ಮ ಪ್ರೋಗ್ರಾಂಗಳೂ ಕೊರಿಯರ್ ಹುಡುಗನ ಹಾಗೆ ಬೀದಿ ಸುತ್ತಬೇಕಿತ್ತು.

ಆ ಒಪ್ಪಂದದ ಪಟ್ಟಿಯನ್ನು ಯಾರಾದರೂ ಒಬ್ಬರು ಇಟ್ಟುಕೊಳ್ಳಬೇಕು ಎಂದು 1972ರ ಮೇ ತಿಂಗಳಲ್ಲಿ ಒಂದು ಟಿಪ್ಪಣಿ ಬಂತು. ಬರೆದವರು ಪೋಸ್ಟೆಲ್. ನಂಬರ್ ಹಂಚುವ ಆ ಯಜಮಾನಿಕೆಗೆ ತಮ್ಮ ಹೆಸರನ್ನೇ ಮುಂದಿಟ್ಟಿದ್ದರು. ಹಾಗೆ ಶುರುವಾದ ಪಟ್ಟಿಗೆ ಮುಂದೆ ಐಯಾನಾ ಎಂಬ ಹೆಸರು ಬಂತು. ಹೆಸರು ಕೇಳಿದರೆ ದೊಡ್ಡ ಸಂಸ್ಥೆ ಅನ್ನಿಸಬೇಕು. ನಿಜದಲ್ಲಿ ಅದು ಬಹುಮಟ್ಟಿಗೆ ಪೋಸ್ಟೆಲ್ ಮತ್ತು ಅವರ ಸಹೋದ್ಯೋಗಿ ಜಾಯ್ಸ್ ರೆನಾಲ್ಡ್ಸ್.

ನಮ್ಮ ಹಳ್ಳಿಗಳ ಶಾನುಭೋಗರು ನೆನಪಾಗುತ್ತಾರೆ. ಜಮೀನು ಅವರದಲ್ಲ, ಬೆಳೆ ಅವರದಲ್ಲ. ಆದರೆ ಯಾವ ಸರ್ವೆ ನಂಬರ್ ಯಾರದು ಎಂಬುದು ಅವರ ಕಡತದಲ್ಲಿ ಇದ್ದರೆ ಮಾತ್ರ ಉಂಟು. ಪೋಸ್ಟೆಲ್ ಕೂಡ ಅಂಥ ಶಾನುಭೋಗರೇ. ಹೊಸ ಪ್ರೋಗ್ರಾಂಗೆ ಪೋರ್ಟ್ ನಂಬರ್ ಬೇಕಾದವರು ಅವರಿಗೆ ಒಂದು ಮೇಲ್ ಬರೆಯುತ್ತಿದ್ದರು, ಅವರು ಪರಿಶೀಲಿಸಿ ಕೊಡುತ್ತಿದ್ದರು.

ಅವರು ಬರೀ ಗುಮಾಸ್ತರಾಗಿರಲಿಲ್ಲ. 1974ರಲ್ಲಿ ಪಡೆದ ಪಿಎಚ್‌.ಡಿ.ಯ ವಿಷಯವೇ, ಕಂಪ್ಯೂಟರುಗಳ ನಡುವಿನ ಪ್ರೋಟೊಕಾಲ್‌ಗಳನ್ನು ಗ್ರಾಫ್‌ಗಳ ಮೂಲಕ ವಿಶ್ಲೇಷಿಸುವುದು. 1977ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇನ್‌ಫರ್ಮೇಶನ್ ಸೈನ್ಸಸ್ ಇನ್‌ಸ್ಟಿಟ್ಯೂಟ್ ಸೇರಿದರು. ಕೊನೆಯವರೆಗೂ ಅಲ್ಲೇ ಇದ್ದರು. ಆಗ ಟಿಸಿಪಿ ಎಂಬ ಒಂದೇ ಪ್ರೋಟೊಕಾಲ್ ದಾರಿ ಹುಡುಕುವ ಕೆಲಸವನ್ನೂ ಕಳೆದುಹೋದದ್ದನ್ನು ಮತ್ತೆ ಕಳಿಸುವ ಕೆಲಸವನ್ನೂ ಹೊತ್ತಿತ್ತು. ಇದು ಸರಿಯಲ್ಲ, ಎರಡನ್ನೂ ಬೇರ್ಪಡಿಸಿ ಎಂದು ಅದೇ ವರ್ಷ ಖಡಕ್ಕಾಗಿ ಬರೆದವರಲ್ಲಿ ಪೋಸ್ಟೆಲ್ ಮುಖ್ಯರು. ಮರುವರ್ಷ ಹಾಗೇ ಆಯಿತು. ಟಿಸಿಪಿ/ಐಪಿ ಎಂದು ನಡುವೆ ಗೆರೆ ಎಳೆದು ಬರೆಯುತ್ತೇವಲ್ಲ, ಆ ಗೆರೆಯ ಹಿಂದಿನ ಕಥೆ ಇದು.

ಆಮೇಲಿನ ಐದಾರು ವರ್ಷ ಅವರ ಲೇಖನಿ ನಿಂತೇ ಇಲ್ಲ. ಖಾತ್ರಿಗಿಂತ ವೇಗ ಮುಖ್ಯವಾದಾಗ ಬಳಸುವ ಯುಡಿಪಿಯ ವಿವರಣೆ 1980ರಲ್ಲಿ ಬಂತು, ಇಡೀ ಬರಹ ಮೂರು ಪುಟ. 1981ರ ಸೆಪ್ಟೆಂಬರಿನಲ್ಲಿ ಐಪಿ ಮತ್ತು ಟಿಸಿಪಿ. 1982ರ ಆಗಸ್ಟ್‌ನಲ್ಲಿ ಮೇಲ್ ಸಾಗಿಸುವ ಎಸ್‌ಎಂಟಿಪಿ. ನಾನು ಬರೆದ ಬಿಲ್ಲಿಂಗ್ ಪ್ರೋಗ್ರಾಂ ಗಿರಾಕಿಗೆ ರಸೀದಿ ಮೇಲ್ ಮಾಡುವಾಗ ಇವತ್ತಿಗೂ ಮೂಲದಲ್ಲಿ ಅದೇ ಸಂಭಾಷಣೆ: ಮೊದಲು ನಮಸ್ಕಾರ ಹೇಳಿ ತನ್ನ ಪರಿಚಯ, ಆಮೇಲೆ ಕಳಿಸುವವರು ಯಾರು, ಯಾರಿಗೆ, ಕೊನೆಗೆ ವಿಷಯ. ಪ್ರತಿ ಮಾತಿಗೂ ಆ ಕಡೆಯಿಂದ ಮೂರಂಕಿಯ ಉತ್ತರ. 250 ಎಂದರೆ ಸರಿ, 550 ಎಂದರೆ ಆಗುವುದಿಲ್ಲ, ಅಂಥ ವಿಳಾಸವೇ ಇಲ್ಲ.

1983ರ ಜನವರಿ 1ಕ್ಕೆ ಇಡೀ ಆರ್ಪಾನೆಟ್ ಹಳೆ ಪ್ರೋಟೊಕಾಲ್ ಬಿಟ್ಟು ಟಿಸಿಪಿ/ಐಪಿಗೆ ಬದಲಾಗಬೇಕೆಂದು ಯೋಜನೆ ಬರೆದವರೂ ಪೋಸ್ಟೆಲ್. ಎಲ್ಲ ಕಡೆಯಂತೆ ಅಲ್ಲೂ ಕಡೇ ಗಳಿಗೆವರೆಗೆ ಮುಂದೂಡುವವರಿದ್ದರು. 1982ರ ಮಧ್ಯದಲ್ಲಿ ಒಂದು ದಿನ ಹಳೆಯದನ್ನು ಪೂರ್ತಿ ಬಂದ್ ಮಾಡಿ ತೋರಿಸಿದ ಮೇಲೆ ಹಲವರಿಗೆ ಬಿಸಿ ಮುಟ್ಟಿತು.

ಅದೇ 1983ರಲ್ಲಿ ಬರ್ಕ್ಲಿಯವರು ಯುನಿಕ್ಸ್‌ಗೆ ಸಾಕೆಟ್ ಎಂಬ ಸೌಲಭ್ಯ ಸೇರಿಸಿದರು. ಸಾಮಾನ್ಯ ಪ್ರೋಗ್ರಾಮರ್ ಕೂಡ ನಾಲ್ಕು ಸಾಲು ಬರೆದು ದೂರದ ಕಂಪ್ಯೂಟರಿಗೆ ಕರೆ ಮಾಡುವಂತಾಯಿತು. ಹತ್ತು ವರ್ಷದ ನಂತರ ವಿನ್‌ಸಾಕ್ ಮೂಲಕ ಅದು ವಿಂಡೋಸ್‌ಗೆ ಬಂತು. ವಿಂಡೋಸ್ 95ರಿಂದ ಟಿಸಿಪಿ/ಐಪಿಯನ್ನು ಬೇರೆ ಕಡೆಯಿಂದ ತಂದು ಹಾಕಿಕೊಳ್ಳುವ ತಾಪತ್ರಯ ತಪ್ಪಿತು. ಅಂಗಡಿಯ ಮೇಜಿನ ಮೇಲಿನ ಪ್ರೋಗ್ರಾಂ ಮಾತು ಕಲಿತದ್ದು ಹೀಗೆ.

ನಮ್ಮ ಊರಿನ ಪಾಲು

ಈ ಕಡತದಲ್ಲಿ ಭಾರತಕ್ಕೂ ಒಂದು ಸಾಲು ಸಿಕ್ಕಿದ್ದು 1989ರ ಮೇ 8ರಂದು. ಡಾಟ್ ಇನ್ ನಮ್ಮದಾಯಿತು. ಇಲ್ಲಿ ಆಗಲೇ ಎರ್ನೆಟ್ ಎಂಬ ಶೈಕ್ಷಣಿಕ ಜಾಲ ಶುರುವಾಗಿ, ಬೆಂಗಳೂರಿನ ಐಐಎಸ್‌ಸಿ ಮತ್ತು ಮದ್ರಾಸ್ ಐಐಟಿ ಅದರ ಮೊದಲ ಕೇಂದ್ರಗಳ ಪೈಕಿ ಇದ್ದವು. ಜನಸಾಮಾನ್ಯರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ಕ್ಕೆ. ಮೊದಲು ಸಿಕ್ಕ ನಾಲ್ಕು ನಗರಗಳಲ್ಲಿ ಮದ್ರಾಸೂ ಒಂದು.

ದೇಶಗಳಿಗೆ ಹೆಸರು ಹಂಚುವ ವಿಷಯದಲ್ಲಿ ಪೋಸ್ಟೆಲ್ ತೋರಿಸಿದ ಜಾಣತನ ನನಗೆ ಬಹಳ ಇಷ್ಟ. ಯಾವುದು ದೇಶ, ಯಾವುದು ಅಲ್ಲ ಎಂದು ತೀರ್ಮಾನಿಸುವುದು ತಮ್ಮ ಕೆಲಸವಲ್ಲ ಎಂದು 1994ರಲ್ಲಿ ಸ್ಪಷ್ಟವಾಗಿ ಬರೆದರು. ಅದಕ್ಕೆ ಆಗಲೇ ಒಂದು ಅಂತರರಾಷ್ಟ್ರೀಯ ಪಟ್ಟಿ ಇತ್ತು. ಅದರಲ್ಲಿ ಎರಡಕ್ಷರದ ಸಂಕೇತ ಇದ್ದವರಿಗೆ ಡೊಮೈನ್. ಅದನ್ನು ನಡೆಸುವವರು ಒಡೆಯರಲ್ಲ, ಆ ದೇಶದ ಮತ್ತು ಜಗತ್ತಿನ ಪರವಾಗಿ ಕಾಯುವ ಧರ್ಮದರ್ಶಿಗಳು ಎಂದೂ ಸೇರಿಸಿದರು.

ಆದರೆ ಕನ್ನಡಿಗನಾಗಿ ಒಂದು ತಕರಾರೂ ಇದೆ. ಅವರ ಮೇಲ್ ನಿಯಮದಲ್ಲಿ ಇಂಗ್ಲಿಷಿನ ಏಳು ಬಿಟ್ ಅಕ್ಷರಗಳಿಗೆ ಮಾತ್ರ ಜಾಗವಿತ್ತು. ನಮ್ಮ ಅಕ್ಷರಗಳಿಗೆ ಬಾಗಿಲೇ ಇರಲಿಲ್ಲ. 1992ರಲ್ಲಿ ಮೈಮ್ ಎಂಬ ಉಪಾಯ ಬಂದ ಮೇಲೆ ಬೇರೆ ಲಿಪಿಗಳು ವೇಷ ಹಾಕಿಕೊಂಡು ದಾಟತೊಡಗಿದವು. ಯೂನಿಕೋಡ್‌ನ ರೂಢಿಯ ರೂಪದಲ್ಲಿ ಕನ್ನಡದ ‘ಕ’ ಮೂರು ಬೈಟ್. ಮೈಮ್‌ನ ಒಂದು ವಿಧಾನದಲ್ಲಿ ಅದು ನಾಲ್ಕು ಇಂಗ್ಲಿಷ್ ಅಕ್ಷರಗಳ ವೇಷ ತೊಟ್ಟು ಹೋಗುತ್ತದೆ, ಆ ಕಡೆ ಮತ್ತೆ ‘ಕ’ ಆಗುತ್ತದೆ. ಕನ್ನಡ ಲಿಪಿಯ ಮೇಲ್ ವಿಳಾಸವನ್ನೂ ಒಪ್ಪುವ ನಿಯಮ ಬರಲು 2012 ಆಯಿತು. ಈಗ ಡಾಟ್ ಭಾರತ ಎಂಬ ಡೊಮೈನ್ ಕನ್ನಡದ ಲಿಪಿಯಲ್ಲೇ ಇದೆ. ತಡವಾಯಿತು, ಆದರೆ ಅವರ ಹಳೇ ಗೋಡೆ ಒಡೆಯದೆಯೇ ಹೊಸ ಕಿಟಕಿ ಕೂರಿಸಲು ಆಯಿತು ಎಂಬುದೂ ನಿಜ.

ನಾನು ಮಾಡಿದ ತಪ್ಪು

ಪೋಸ್ಟೆಲ್ ಹೆಸರಿನಲ್ಲೇ ಪ್ರಸಿದ್ಧವಾದ ಒಂದು ಸೂತ್ರವಿದೆ. 1980ರ ಐಪಿ ವಿವರಣೆಯಲ್ಲಿ ಅದು ಕಾಣುತ್ತದೆ. ಅದರ ಸಾರ ಇಷ್ಟು: ನೀವು ಕಳಿಸುವಾಗ ನಿಯಮ ಬಿಟ್ಟು ಕದಲಬೇಡಿ, ಬೇರೆಯವರದನ್ನು ಸ್ವೀಕರಿಸುವಾಗ ಉದಾರವಾಗಿರಿ. ಈ ಸೂತ್ರ ಓದಿದ ಹೊಸತರಲ್ಲಿ ನನಗೆ ಚೆನ್ನೈಯೇ ನೆನಪಾಗಿತ್ತು. ನನ್ನ ಮುರುಕು ತಮಿಳನ್ನು ಹಾಲಿನಂಗಡಿಯವರು ನಗದೆ ಸ್ವೀಕರಿಸಿ, ತಾವು ಮಾತ್ರ ಸ್ಪಷ್ಟವಾಗಿ, ನಿಧಾನವಾಗಿ ಉತ್ತರಿಸುತ್ತಿದ್ದರು. ಪರಊರಿನಲ್ಲಿ ನಾವೆಲ್ಲ ಬದುಕಿದ್ದೇ ಹೀಗಲ್ಲವೇ ಎಂದುಕೊಂಡೆ.

ಅದೇ ಹುಮ್ಮಸ್ಸಿನಲ್ಲಿ ಒಂದು ಪ್ರೋಗ್ರಾಂ ಬರೆದೆ. ಕೆಲವು ಔಷಧಿ ಅಂಗಡಿಗಳ ಕಂಪ್ಯೂಟರುಗಳು ಪ್ರತಿ ರಾತ್ರಿ ತಮ್ಮ ದಾಸ್ತಾನನ್ನು ಒಂದು ಮುಖ್ಯ ಕಂಪ್ಯೂಟರಿಗೆ ಕಳಿಸಬೇಕು, ಅಲ್ಲಿ ನನ್ನ ಪ್ರೋಗ್ರಾಂ ಸ್ವೀಕರಿಸಬೇಕು. ಮಾತ್ರೆಗಳ ಅವಧಿ ಮುಗಿಯುವ ದಿನಾಂಕ ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರಬೇಕಿತ್ತು. ಒಂದು ಅಂಗಡಿಯ ಹಳೆ ಪ್ರೋಗ್ರಾಂ ವರ್ಷವನ್ನೇ ಮೊದಲು ಕಳಿಸುತ್ತಿತ್ತು. ನಾನು ಉದಾರಿಯಾದೆ. ತಿಂಗಳ ಜಾಗದಲ್ಲಿ 12ಕ್ಕಿಂತ ದೊಡ್ಡ ಅಂಕಿ ಕಂಡರೆ ತಿರುಗಿಸಿ ಓದಿಕೋ ಎಂದು ಬರೆದೆ. ಪರೀಕ್ಷೆಗೆ ಹಾಕಿದ ಮಾದರಿಗಳೆಲ್ಲ 2013, 2014ರವು. 13/02 ಬಂದರೆ 2013ರ ಫೆಬ್ರವರಿ ಎಂದು ಜಾಣತನದಿಂದ ಓದಿತು. ಎಲ್ಲರೂ ಶಹಬ್ಬಾಸ್ ಅಂದರು.

ಅದು 2012ರ ಜನವರಿ. ಆ ಅಂಗಡಿಯಿಂದ 11/12 ಎಂದು ಬಂತು. ಅವರ ಲೆಕ್ಕದಲ್ಲಿ ಅದು 2011ರ ಡಿಸೆಂಬರ್, ಅಂದರೆ ಅವಧಿ ಮುಗಿದ ಮಾತ್ರೆ. 11 ಎನ್ನುವುದು 12ಕ್ಕಿಂತ ದೊಡ್ಡದಲ್ಲವಲ್ಲ, ನನ್ನ ಪ್ರೋಗ್ರಾಂ ಅದನ್ನು 2012ರ ನವೆಂಬರ್ ಎಂದು ಓದಿತು. ಮುಗಿದುಹೋದ ಸ್ಟ್ರಿಪ್‌ಗಳು ಇನ್ನೂ ಹತ್ತು ತಿಂಗಳು ಬಾಳುತ್ತವೆ ಎಂದು ಪಟ್ಟಿಯಲ್ಲಿ ಕೂತವು. ಕೌಂಟರಿನಲ್ಲಿದ್ದ ಫಾರ್ಮಸಿಸ್ಟ್ ಒಬ್ಬರು ಕೊಡುವ ಮುಂಚೆ ಸ್ಟ್ರಿಪ್ ತಿರುಗಿಸಿ ನೋಡಿದ್ದರಿಂದ ಅನಾಹುತ ತಪ್ಪಿತು. ಅವರು ಕಂಪ್ಯೂಟರನ್ನು ನಂಬಿದ್ದರೆ? ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಸಿಟ್ಟಿನಲ್ಲಿ ಪೋಸ್ಟೆಲ್ ಸೂತ್ರವನ್ನೇ ಬೈದುಕೊಂಡೆ. ಆಮೇಲೆ ಕೂತು ಅವರ ಟಿಸಿಪಿ ಬರಹ ಓದಿದೆ. ಆಗ ಕಂಡದ್ದೇ ಬೇರೆ. ಯಾವ ಸ್ಥಿತಿಯಲ್ಲಿ ಏನು ಬಂದರೆ ಏನು ಮಾಡಬೇಕು ಎಂದು ಒಂದೊಂದಾಗಿ ಬರೆದಿದ್ದಾರೆ. ಅರ್ಥವಾಗದ್ದು ಬಂದರೆ ಪ್ರೋಗ್ರಾಂ ಕುಸಿದುಬೀಳಬಾರದು, ನಿಜ. ಆದರೆ ಅರ್ಥವಾಗದ್ದಕ್ಕೆ ತಾನೇ ಅರ್ಥ ಕಟ್ಟಿ ಸುಮ್ಮನಿರಬೇಕು ಎಂದು ಅವರು ಎಲ್ಲೂ ಹೇಳಿಲ್ಲ. ನನ್ನದು ಉದಾರತೆಯಲ್ಲ, ಊಹೆ. ಹಾಲಿನಂಗಡಿಯವರೂ ನನ್ನ ತಮಿಳು ತಿಳಿಯದಿದ್ದಾಗ ಊಹಿಸಿ ಮೊಸರು ಕೊಟ್ಟು ಕಳಿಸುತ್ತಿರಲಿಲ್ಲ, ಇನ್ನೊಮ್ಮೆ ಕೇಳುತ್ತಿದ್ದರು.

ಈ ಗೊಂದಲ ನನ್ನೊಬ್ಬನದಲ್ಲ. ಎಲ್ಲರೂ ತಪ್ಪನ್ನು ಸಹಿಸುತ್ತ ಹೋದರೆ ತಪ್ಪೇ ನಿಯಮವಾಗುತ್ತದೆ, ಆಮೇಲೆ ಬಂದವರೂ ಅದನ್ನು ಹೊರಬೇಕಾಗುತ್ತದೆ ಎಂಬ ಎಚ್ಚರಿಕೆ 2023ರಲ್ಲಿ ಒಂದು ಆರ್‌ಎಫ್‌ಸಿಯಾಗಿಯೇ ಪ್ರಕಟವಾಯಿತು. ಪೋಸ್ಟೆಲ್ ಸೂತ್ರಕ್ಕೆ ಅವರೇ ಬೆಳೆಸಿದ ಸರಣಿಯಲ್ಲಿ ಬಂದ ತಕರಾರು. ಅವರಿದ್ದಿದ್ದರೆ ಅದಕ್ಕೂ ಶ್ರದ್ಧೆಯಿಂದ ಸಾಲು ಎಣಿಸಿ ನಂಬರ್ ಕೊಡುತ್ತಿದ್ದರು ಅನ್ನಿಸುತ್ತದೆ.

ಕಡತ ಯಾರ ಕೈಯಲ್ಲಿ?

ಶಾನುಭೋಗರ ಮಾತು ಬಂದಾಗ ಇನ್ನೊಂದು ಮುಖವನ್ನೂ ಹೇಳಬೇಕು. ಲೇಖನಿ ಹಿಡಿದವರ ಒಳ್ಳೆಯತನವನ್ನೇ ನೆಚ್ಚಿಕೊಂಡ ವ್ಯವಸ್ಥೆ ಅದು. ಪೋಸ್ಟೆಲ್ ಒಳ್ಳೆಯವರೆಂದು ಎಲ್ಲರಿಗೂ ಗೊತ್ತಿತ್ತು. ಆದರೆ 1990ರ ದಶಕದಲ್ಲಿ ಡೊಮೈನ್ ಹೆಸರಿಗೆ ಹಣದ ಬೆಲೆ ಬಂತು. 1995ರಿಂದ ಒಂದು ಖಾಸಗಿ ಕಂಪನಿ ಡಾಟ್ ಕಾಮ್ ಹೆಸರಿಗೆ ವರ್ಷಕ್ಕೆ 50 ಡಾಲರ್ ಪಡೆಯತೊಡಗಿತು. ಹೆಸರುಗಳ ಮೂಲ ಕಡತ ಯಾರದು ಎಂಬ ಜಗಳ ಜೋರಾಯಿತು.

1998ರ ಜನವರಿ 28ರಂದು ಪೋಸ್ಟೆಲ್ ಒಂದು ಮೇಲ್ ಕಳಿಸಿದರು. ಜಗತ್ತಿನ ಹೆಸರುಗಳಿಗೆಲ್ಲ ಬುಡವಾದ ಮೂಲ ಸರ್ವರ್‌ಗಳ ಪೈಕಿ ಎಂಟರ ನಿರ್ವಾಹಕರಿಗೆ, ಇನ್ನು ಮುಂದೆ ಆ ಕಂಪನಿಯ ಯಂತ್ರದ ಬದಲು ತಮ್ಮ ಸಂಸ್ಥೆಯ ಯಂತ್ರದಿಂದ ಮೂಲ ಪಟ್ಟಿ ತೆಗೆದುಕೊಳ್ಳಿ ಎಂಬ ಸೂಚನೆ. ಎಂಟೂ ಜನ ಮರುಮಾತಿಲ್ಲದೆ ಹಾಗೇ ಮಾಡಿದರು. ಜಗತ್ತಿನಲ್ಲಿ ಯಾರ ಮೇಲ್ ಕೂಡ ನಿಲ್ಲಲಿಲ್ಲ, ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಆದರೆ ವಾಷಿಂಗ್ಟನ್ನಿಗೆ ತಿಳಿಯಿತು. ಅಧ್ಯಕ್ಷರ ಸಲಹೆಗಾರರಾಗಿದ್ದ ಐರಾ ಮ್ಯಾಗಜೀನರ್ ಮಧ್ಯೆ ಬಂದರು. ವಾರದೊಳಗೆ ಎಲ್ಲ ಮೊದಲಿನಂತಾಯಿತು. ಅದೊಂದು ಪರೀಕ್ಷೆ ಎಂದರು ಪೋಸ್ಟೆಲ್.

ನನಗೆ ಈ ಘಟನೆ ಎರಡು ರೀತಿ ಕಾಣುತ್ತದೆ. ಕಾನೂನಿನ ಬಲವಿಲ್ಲದ ಒಬ್ಬ ಮನುಷ್ಯನ ಒಂದು ಮಾತಿಗೆ ಎಂಟು ಕಡೆ ಒಪ್ಪಿಗೆ ಸಿಗುವಷ್ಟು ವಿಶ್ವಾಸ ಗಳಿಸುವುದು ಸಣ್ಣ ಮಾತಲ್ಲ. ಹಾಗೆಯೇ, ಇಡೀ ಜಗತ್ತಿನ ಕಡತ ಒಂದು ಮೇಲ್‌ನಿಂದ ಜಾಗ ಬದಲಿಸಬಹುದು ಎಂದರೆ ಭಯವೂ ಆಗುತ್ತದೆ. ಮುಂದಿನ ಶಾನುಭೋಗ ಪೋಸ್ಟೆಲ್ ಆಗಿರಬೇಕಲ್ಲ? ನಮ್ಮಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾಯ್ದೆ ತೆಗೆದುಹಾಕಿದ್ದೂ, ಕಡತ ಒಂದು ಮನೆತನದ್ದಾಗಿರದೆ ಇಲಾಖೆಯದ್ದಾಗಲಿ ಎಂದೇ.

ಇದು ಪೋಸ್ಟೆಲ್ ಅವರಿಗೂ ಗೊತ್ತಿತ್ತು. ತಮ್ಮ ಕೆಲಸವನ್ನು ಒಂದು ಸಂಸ್ಥೆಗೆ ಒಪ್ಪಿಸುವ ಕರಡುಗಳ ಮೇಲೆ ಆ ವರ್ಷವೆಲ್ಲ ದುಡಿದರು. ಐಕ್ಯಾನ್ ಎಂಬ ಆ ಸಂಸ್ಥೆ 1998ರ ಸೆಪ್ಟೆಂಬರ್ 30ರಂದು ನೋಂದಣಿಯಾಯಿತು. ಹದಿನಾರು ದಿನಗಳ ನಂತರ, ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ ಪೋಸ್ಟೆಲ್ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. 55 ವರ್ಷ. ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿ ಮರುದಿನದ ತಾರೀಕು ಹೊತ್ತು ಆರ್‌ಎಫ್‌ಸಿ 2468 ಆಗಿ ಪ್ರಕಟವಾಯಿತು. ಸಂಪಾದಕರ ಸಾವೂ ಅವರ ಸರಣಿಯಲ್ಲೇ ಒಂದು ನಂಬರ್ ಪಡೆಯಿತು.

ನನ್ನ ಔಷಧಿ ಅಂಗಡಿಯ ಪ್ರೋಗ್ರಾಂ ಈಗ ದಿನಾಂಕ ಅನುಮಾನವಾದರೆ ತೆಗೆದುಕೊಳ್ಳುವುದಿಲ್ಲ; ಇಂಥ ಸಾಲು ತಿಳಿಯಲಿಲ್ಲ, ಸರಿಪಡಿಸಿ ಕಳಿಸಿ ಎಂದು ವಿನಯದಿಂದ ವಾಪಸ್ ಮಾಡುತ್ತದೆ. ವರ್ಷವನ್ನು ನಾಲ್ಕಂಕಿಯಲ್ಲೇ ಕೇಳುತ್ತದೆ. ಹೊಸ ಪ್ರೋಗ್ರಾಂಗೆ ಪೋರ್ಟ್ ಆರಿಸುವಾಗ ನಾನು ಇವತ್ತಿಗೂ ಐಯಾನಾದ ಪಟ್ಟಿ ತೆರೆದು ನೋಡುತ್ತೇನೆ, ಬೇರೆಯವರ ಬಾಗಿಲಿಗೆ ನನ್ನ ಬೋರ್ಡ್ ಹಾಕಬಾರದಲ್ಲ.

ಆ ಪಟ್ಟಿಯಲ್ಲಿ 35, 57, 59, 75, 77, 87 ಎಂಬ ನಂಬರ್‌ಗಳ ಮುಂದೆ ಪೋಸ್ಟೆಲ್ ಹೆಸರು ಈಗಲೂ ಇದೆ. ಅವು ಯಾವ ಕಂಪನಿಗೂ ಸೇರಿದವಲ್ಲ. ಯಾರು ಬೇಕಾದರೂ ತಮ್ಮ ಮನೆಮಟ್ಟದ ಬಳಕೆಗೆ, ತಮ್ಮದೇ ಪ್ರಿಂಟರಿಗೆ, ತಮ್ಮದೇ ಫೈಲುಗಳಿಗೆ ಇಟ್ಟುಕೊಳ್ಳಲಿ ಎಂದು ಬಿಟ್ಟ ಜಾಗಗಳು. ಊರ ಶಾನುಭೋಗರು ತಮ್ಮ ಹೆಸರಿನಲ್ಲಿ ಗೋಮಾಳ ಬರೆದಿಟ್ಟ ಹಾಗೆ.